‘ನೀನು ಎಂಥ ಮನುಷ್ಯನಯ್ಯಾ?’: ಮಧ್ಯಯುಗದ ಇಂಗ್ಲಿಷ್ ಕವಿಗಳು ‘ನಾನು’ ಎಂದಾಗ

ಕ್ಯಾಂಟರ್‌ಬರಿಯ ದಾರಿಯಲ್ಲಿ ಯಾತ್ರಿಕರ ಗುಂಪೊಂದು, ಸರದಿಯಂತೆ ಒಬ್ಬೊಬ್ಬರೂ ಕಥೆ ಹೇಳುತ್ತಾ, ಕುದುರೆಗಳ ಮೇಲೆ ಸಾಗುತ್ತಿದೆ. ಸನ್ಯಾಸಿನಿಯರ ಮಠದ ಮುಖ್ಯಸ್ಥೆ ಈಗಷ್ಟೇ ಒಂದು ಮಗುವಿನ ಕೊಲೆಯ ಕಥೆ ಹೇಳಿ ಮುಗಿಸಿದ್ದಾಳೆ. ಯಾರ ಬಾಯಿಂದಲೂ ಮಾತು ಹೊರಡುತ್ತಿಲ್ಲ. ಗುಂಪನ್ನು ನಡೆಸುತ್ತಿರುವ ವಸತಿಗೃಹದ ಯಜಮಾನ ಹ್ಯಾರಿ ಬೇಲಿ ಈ ಮೌನ ಮುರಿಯಬೇಕೆಂದು ಸುತ್ತ ಕಣ್ಣಾಡಿಸುತ್ತಾನೆ. ಇಷ್ಟು ಹೊತ್ತೂ ಸದ್ದಿಲ್ಲದೆ ಬರುತ್ತಿದ್ದ ಒಬ್ಬನ ಮೇಲೆ ಅವನ ದೃಷ್ಟಿ ನಿಲ್ಲುತ್ತದೆ.

‘ನೀನು ಎಂಥ ಮನುಷ್ಯನಯ್ಯಾ? ಮೊಲ ಹುಡುಕುವವನ ಹಾಗೆ ಯಾವಾಗಲೂ ನೆಲವನ್ನೇ ನೋಡುತ್ತಿರುತ್ತೀಯ. ಹತ್ತಿರ ಬಾ, ತಲೆ ಎತ್ತು, ಸ್ವಲ್ಪ ಗೆಲುವಾಗಿರು.’

ಅಷ್ಟಕ್ಕೇ ಅವನು ಬಿಡುವುದಿಲ್ಲ. ಇವನ ಸೊಂಟದ ಸುತ್ತಳತೆ ನನ್ನದರಷ್ಟೇ ಇದೆ, ಹೆಂಗಸರು ಅಪ್ಪಿಕೊಳ್ಳುವುದಕ್ಕೆ ತಕ್ಕ ಗೊಂಬೆ ಇದು, ಮುಖ ನೋಡಿದರೆ ಯಕ್ಷಲೋಕದಿಂದ ಬಂದವನಂತಿದ್ದಾನೆ, ಯಾರೊಂದಿಗೂ ಮಾತೇ ಆಡುವುದಿಲ್ಲ ಎನ್ನುತ್ತಾನೆ. ಹೀಗೆ ಎಲ್ಲರೆದುರು ಅಳೆಸಿಕೊಳ್ಳುತ್ತಿರುವ ಆ ಮನುಷ್ಯ ಬೇರೆ ಯಾರೂ ಅಲ್ಲ, ‘ಕ್ಯಾಂಟರ್‌ಬರಿ ಕಥೆಗಳು’ ಎಂಬ ಈ ಕಾವ್ಯವನ್ನು ಬರೆಯುತ್ತಿರುವ ಕವಿ ಜೆಫ್ರಿ ಚಾಸರ್.

ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ದೃಶ್ಯದಿಂದಲೇ ಹುಟ್ಟಿದ್ದು. 1370ರ ದಶಕದ ಕೊನೆಯಿಂದ 1420ರ ಆಸುಪಾಸಿನವರೆಗೆ, ಸುಮಾರು ನಲವತ್ತು ವರ್ಷಗಳಲ್ಲಿ, ಇಂಗ್ಲಿಷಿನ ಕೆಲವು ದೊಡ್ಡ ಕವಿಗಳು ತಮ್ಮನ್ನೇ ತಮ್ಮ ಕಾವ್ಯದೊಳಗೆ ಪಾತ್ರವಾಗಿ ತಂದರು. ಅವರು ‘ನಾನು’ ಎಂದು ಕಥೆ ಹೇಳುತ್ತಾರೆ, ಕನಸು ಕಾಣುತ್ತಾರೆ, ನರಳುತ್ತಾರೆ. ಆದರೆ ಆ ‘ನಾನು’ವಿಗೆ ಒಂದು ಹೆಸರು, ಒಂದು ಮೈಕಟ್ಟು, ಒಂದು ವಯಸ್ಸು, ಒಂದು ಕಸುಬು ದಕ್ಕುವ ಕ್ಷಣ ಯಾವುದೆಂದು ಹುಡುಕುತ್ತಾ ಹೋದರೆ, ಮತ್ತೆ ಮತ್ತೆ ಒಂದೇ ಬಗೆಯ ಜಾಗಕ್ಕೆ ಬಂದು ನಿಲ್ಲುತ್ತೇವೆ. ಎದುರಿಗೆ ಇನ್ನೊಬ್ಬರಿದ್ದಾರೆ. ಅವರು ಕೇಳುತ್ತಿದ್ದಾರೆ: ಯಾರು ನೀನು? ಈ ಕವಿಗಳು ತಾವಾಗಿಯೇ ಎದ್ದು ನಿಂತು ತಮ್ಮ ಚಿತ್ರ ಬಿಡಿಸಿಕೊಳ್ಳುವುದು ಅಪರೂಪ. ಕೇಳಿದವರಿಗೆ ಉತ್ತರ ಕೊಡುವಾಗಲೇ ಅವರ ಮುಖ ಕಾಣಿಸುತ್ತದೆ.

ಚಾಸರನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಕ್ಯಾಂಟರ್‌ಬರಿ ಕಥೆಗಳ ಆರಂಭದಲ್ಲಿ, ಸದರ್ಕ್‌ನ ಟ್ಯಾಬರ್ಡ್ ವಸತಿಗೃಹಕ್ಕೆ ಇಪ್ಪತ್ತೊಂಬತ್ತು ಮಂದಿ ಬಂದಿಳಿದ ಸಂಜೆಯೇ ತಾನು ಅವರಲ್ಲಿ ಒಬ್ಬೊಬ್ಬರೊಂದಿಗೂ ಮಾತನಾಡಿ ಅವರ ಗುಂಪಿನವನೇ ಆಗಿಬಿಟ್ಟೆ ಎಂದು ನಿರೂಪಕ ಹೇಳುತ್ತಾನೆ. ನಾವು ಅವನನ್ನು ಕಲಕಲ ಮಾತಿನ, ಎಲ್ಲರಿಗೂ ಬೇಕಾದ ಮನುಷ್ಯನೆಂದು ನಂಬುತ್ತೇವೆ. ಅನಂತರ ಹ್ಯಾರಿ ಬೇಲಿ ಹೇಳುತ್ತಾನೆ: ಇವನು ಯಾರೊಂದಿಗೂ ಮಾತೇ ಆಡುವುದಿಲ್ಲ. ಎರಡರಲ್ಲಿ ಯಾವುದು ನಿಜ? ನನಗೆ ಎರಡೂ ನಿಜವೆನಿಸುತ್ತದೆ. ತನ್ನ ಕಣ್ಣಿಗೆ ತಾನು ಒಂದು ರೀತಿ, ಪಕ್ಕದ ಕುದುರೆಯ ಮೇಲೆ ಕುಳಿತವನ ಕಣ್ಣಿಗೆ ಇನ್ನೊಂದು ರೀತಿ. ಬಟ್ಟೆಬರೆಯಿಂದ ಹಿಡಿದು ಮೂಗಿನ ಮೇಲಿನ ಗಂಟಿನವರೆಗೆ ಎಲ್ಲರನ್ನೂ ಗಮನಿಸಿದ ಈ ಕಣ್ಣನ್ನು ಕೂಡ ಯಾರೋ ಗಮನಿಸುತ್ತಿದ್ದರು ಎಂಬುದು ನಮಗೆ ಆಗ ಹೊಳೆಯುತ್ತದೆ. ಕವಿ ತನ್ನ ಬಗ್ಗೆ ತಾನು ಹೇಳಿಕೊಂಡಿದ್ದರೆ ಈ ಬೆಳಕು ಬೀಳುತ್ತಿರಲಿಲ್ಲ.

ಕಥೆ ಹೇಳು ಎಂದಾಗ ಅವನು, ನನಗೆ ಬರುವುದು ಬಹಳ ಹಿಂದೆ ಕಲಿತ ಒಂದೇ ಪದ್ಯ ಎಂದು ಸರ್ ಥೋಪಾಸ್ ಎಂಬ ವೀರನ ಕಥೆ ಶುರುಮಾಡುತ್ತಾನೆ. ಕುಂಟುವ ಛಂದಸ್ಸು, ಹಳಸಿದ ಪ್ರಾಸ. ಕೇಳಲಾರದೆ ಯಜಮಾನ ನಡುವೆಯೇ ತಡೆದು, ‘ನಿನ್ನ ಈ ದರಿದ್ರ ಪ್ರಾಸ ಲದ್ದಿಗೂ ಸಮವಲ್ಲ’ ಎಂದು ಬೈಯುತ್ತಾನೆ. ಪದ್ಯ ಬಿಟ್ಟು ಗದ್ಯದಲ್ಲಿ ಒಂದು ದೀರ್ಘ ನೀತಿಕಥೆ ಹೇಳಿ ಕವಿ ಸರದಿ ಮುಗಿಸುತ್ತಾನೆ. ಈ ಪ್ರಸಂಗವನ್ನು ಬರಿಯ ವಿನಯವೆಂದು ಓದುವುದು ನನಗೆ ಸಾಲದೆನಿಸುತ್ತದೆ. ತನ್ನಲ್ಲಿದ್ದ ಅತ್ಯುತ್ತಮ ಪದ್ಯಗಳನ್ನೆಲ್ಲ ಅವನು ವೀರಯೋಧನಿಗೆ, ಹಿಟ್ಟಿನ ಗಿರಣಿಯವನಿಗೆ, ಬಾತ್ ಊರಿನ ಆ ಗಟ್ಟಿಗಿತ್ತಿ ಹೆಂಗಸಿಗೆ ಹಂಚಿಬಿಟ್ಟಿದ್ದಾನೆ. ತನ್ನ ಪಾಲಿಗೆ ಉಳಿಸಿಕೊಂಡದ್ದು ಇದನ್ನು. ನೀನು ಯಾರು ಎಂಬ ಪ್ರಶ್ನೆಗೆ ಅವನ ನಿಜವಾದ ಉತ್ತರ ಅವನ ಸುತ್ತ ಕುದುರೆಗಳ ಮೇಲೆ ಕುಳಿತಿದೆ.

1954ರಲ್ಲಿ ಅಮೆರಿಕದ ವಿದ್ವಾಂಸ ಡೊನಾಲ್ಡ್‌ಸನ್, ಯಾತ್ರಿಕ ಚಾಸರನೇ ಬೇರೆ, ಕವಿ ಚಾಸರನೇ ಬೇರೆ ಎಂದು ವಾದಿಸಿದರು. ಅಂದಿನಿಂದ ಬಹುತೇಕ ತರಗತಿಗಳಲ್ಲಿ ಅದೇ ಪಾಠ. ಕಾವ್ಯದ ‘ನಾನು’ವನ್ನು ನೇರವಾಗಿ ಆತ್ಮಕಥೆಯೆಂದು ಓದುವ ಹಳೆಯ ತಪ್ಪನ್ನು ಅದು ತಿದ್ದಿತು, ಆ ಋಣ ದೊಡ್ಡದು. ಆದರೆ ಇಬ್ಬರ ನಡುವೆ ಗೋಡೆ ಕಟ್ಟಿಬಿಟ್ಟರೆ, ಸೊಂಟದ ಸುತ್ತಳತೆ ಯಾರದು? ಸಭೆಯಲ್ಲಿ ಕವಿಯ ಬಾಯಿಂದಲೇ ಈ ಸಾಲು ಕೇಳಿದವರು, ಎದುರಿಗೆ ನಿಂತ ದೇಹವನ್ನು ನೋಡಿಯೇ ನಕ್ಕಿರಬೇಕು.

ಇನ್ನೂ ಮೊದಲಿನ ಕಾವ್ಯ ‘ಕೀರ್ತಿಯ ಮನೆ’. ಚಾಸರ್ ಆಗ ಲಂಡನ್ ಬಂದರಿನಲ್ಲಿ ಉಣ್ಣೆ ಮತ್ತು ಚರ್ಮದ ಸುಂಕದ ಲೆಕ್ಕ ನೋಡುವ ಅಧಿಕಾರಿ. 1374ರಲ್ಲಿ ಸಿಕ್ಕ ಕೆಲಸ. ಲೆಕ್ಕದ ಸುರುಳಿಗಳನ್ನು ಸ್ವಂತ ಕೈಯಲ್ಲೇ ಬರೆಯಬೇಕೆಂಬುದು ನೇಮಕದ ಷರತ್ತು. ವಾಸ ನಗರದ ಆಲ್ಡ್‌ಗೇಟ್ ಹೆಬ್ಬಾಗಿಲಿನ ಮೇಲ್ಮಹಡಿಯಲ್ಲಿ. ಕಾವ್ಯದ ಕನಸಿನಲ್ಲಿ ಬಂಗಾರದ ಗರಿಯ ಹದ್ದೊಂದು ಅವನನ್ನು ಕಾಲುಗುರಲ್ಲಿ ಎತ್ತಿಕೊಂಡು ಆಕಾಶಕ್ಕೆ ಹಾರುತ್ತದೆ. ಹೊರುವುದಕ್ಕೆ ನೀನು ಬಲು ಕಷ್ಟದವನಯ್ಯಾ ಎಂದು ಗೊಣಗುತ್ತದೆ. ‘ಜೆಫ್ರಿ’ ಎಂದು ಹೆಸರು ಹಿಡಿದು ಕರೆಯುವುದೂ ಅದೇ. ಅದು ಅವನ ದಿನಚರಿಯನ್ನು ಅವನಿಗೇ ಒಪ್ಪಿಸುತ್ತದೆ: ನಿನ್ನ ಲೆಕ್ಕಪತ್ರವೆಲ್ಲ ಮುಗಿದ ಮೇಲೆ ವಿಶ್ರಾಂತಿ ಪಡೆಯುವುದಿಲ್ಲ, ಹೊಸ ಸುದ್ದಿ ಕೇಳುವುದಿಲ್ಲ, ಸೀದಾ ಮನೆಗೆ ಹೋಗುತ್ತೀಯ, ಕಲ್ಲಿನಂತೆ ಮೂಕನಾಗಿ ಇನ್ನೊಂದು ಪುಸ್ತಕದ ಮುಂದೆ ಕುಳಿತುಕೊಳ್ಳುತ್ತೀಯ, ಕಣ್ಣು ಮಂಜಾಗುವವರೆಗೆ. ಸನ್ಯಾಸಿಯ ಬಾಳು ನಿನ್ನದು, ಊಟದಲ್ಲಿ ಮಾತ್ರ ಸನ್ಯಾಸ ಕಡಿಮೆ. ‘ಇನ್ನೊಂದು ಪುಸ್ತಕ’ ಎಂಬ ಮಾತನ್ನು ಗಮನಿಸಿ. ಹಗಲಿನ ಪುಸ್ತಕ ಸುಂಕದ ಲೆಕ್ಕ, ರಾತ್ರಿಯ ಪುಸ್ತಕ ಕಾವ್ಯ. ದುಡಿದು ದಣಿದು ಬಂದು ದೀಪದ ಮುಂದೆ ಕುಳಿತ ಆ ಮನುಷ್ಯನ ಚಿತ್ರ ನನಗೆ ಚಾಸರನ ಬೇರೆ ಯಾವ ಚಿತ್ರಕ್ಕಿಂತಲೂ ಹತ್ತಿರದ್ದು.

ಅದೇ ಕಾವ್ಯದ ಕೊನೆಯ ಭಾಗದಲ್ಲಿ, ಕೀರ್ತಿದೇವತೆಯ ಆಸ್ಥಾನದಲ್ಲಿ, ಹಿಂದೆ ನಿಂತ ಯಾರೋ ಕೇಳುತ್ತಾರೆ: ಗೆಳೆಯಾ, ನಿನ್ನ ಹೆಸರೇನು? ಕೀರ್ತಿ ಪಡೆಯಲು ಬಂದೆಯಾ? ಇಲ್ಲ, ನಾನು ಸತ್ತ ಮೇಲೆ ನನ್ನ ಹೆಸರು ಯಾರ ಕೈಗೂ ಸಿಗದಿದ್ದರೆ ಅಷ್ಟೇ ಸಾಕು, ನಾನು ಎಲ್ಲಿ ನಿಂತಿದ್ದೇನೆಂದು ನನಗೇ ಚೆನ್ನಾಗಿ ಗೊತ್ತು ಎನ್ನುತ್ತಾನೆ. ಹೆಸರು ಹೇಳುವುದಿಲ್ಲ.

ಪ್ರಶ್ನೆಗೆ ಉತ್ತರಿಸುವ ಚಾಸರ್ ಕಾವ್ಯದ ಹೊರಗೂ ಒಮ್ಮೆ ಸಿಗುತ್ತಾನೆ. 1386ರ ಅಕ್ಟೋಬರ್ 15ರಂದು ವೆಸ್ಟ್‌ಮಿನ್‌ಸ್ಟರಿನಲ್ಲಿ ಅವನು ಸಾಕ್ಷಿ ಹೇಳಿದ. ಸ್ಕ್ರೋಪ್ ಮತ್ತು ಗ್ರೋವ್ನರ್ ಎಂಬ ಎರಡು ಮನೆತನಗಳು ಒಂದೇ ಲಾಂಛನಕ್ಕೆ ಹಕ್ಕು ಹೂಡಿದ್ದ ವ್ಯಾಜ್ಯ: ನೀಲಿ ನೆಲದ ಮೇಲೆ ಓರೆಯಾದ ಚಿನ್ನದ ಪಟ್ಟಿ. ಸಾಕ್ಷಿಯ ವಯಸ್ಸು ‘ನಲವತ್ತು ಮತ್ತು ಮೇಲೆ’ ಎಂದು ದಾಖಲೆಯಲ್ಲಿದೆ. ಅವನ ಹುಟ್ಟಿದ ವರ್ಷದ ಬಗ್ಗೆ ವಿದ್ವಾಂಸರು ಇಂದಿಗೂ ಲೆಕ್ಕ ಹಾಕುವುದು ಮುಖ್ಯವಾಗಿ ಈ ಒಂದು ಮಾತಿನಿಂದ. ಗ್ರೋವ್ನರ್ ಬಗ್ಗೆ ಕೇಳಿದಾಗ ಅವನು ಒಂದು ಪುಟ್ಟ ಕಥೆಯನ್ನೇ ಹೇಳುತ್ತಾನೆ. ಲಂಡನ್ನಿನ ಫ್ರೈಡೇ ಬೀದಿಯಲ್ಲಿ ಹೋಗುತ್ತಿದ್ದಾಗ ಹೊಸದೊಂದು ಫಲಕ ತೂಗುತ್ತಿರುವುದನ್ನು ಕಂಡೆ. ಸ್ಕ್ರೋಪರ ಲಾಂಛನ ಹಾಕಿರುವ ಈ ವಸತಿಗೃಹ ಯಾವುದು ಎಂದು ಕೇಳಿದೆ. ಅಲ್ಲ ಸ್ವಾಮಿ, ಅದು ಸ್ಕ್ರೋಪರದಲ್ಲ, ಚೆಷರ್ ಸೀಮೆಯ ಸರ್ ರಾಬರ್ಟ್ ಗ್ರೋವ್ನರ್ ಅವರದು ಎಂದು ಒಬ್ಬ ಹೇಳಿದ. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ದಾರಿಹೋಕನೊಬ್ಬ, ಒಂದು ಫಲಕ, ಒಂದು ಅಮಾಯಕ ಪ್ರಶ್ನೆ, ಅಪರಿಚಿತನ ಉತ್ತರ. ಕಾವ್ಯದ ನಿರೂಪಕನ ನಡಿಗೆಯೇ ಇದು. ಅವನ ಬದುಕಿನ ಬಗ್ಗೆ ಐನೂರರ ಹತ್ತಿರ ದಾಖಲೆಗಳು ಉಳಿದಿವೆ. ಅವುಗಳಲ್ಲಿ ಒಂದಾದರೂ ಅವನನ್ನು ಕವಿಯೆಂದು ಕರೆಯುವುದಿಲ್ಲ.

ಈ ಬಗೆಯ ಪ್ರಶ್ನೋತ್ತರ ಎಲ್ಲಿಂದ ಬಂತು? ನ್ಯಾಯಾಲಯ ಒಂದು ಮೂಲ. ಅದಕ್ಕಿಂತ ವ್ಯಾಪಕವಾದದ್ದು ಇಗರ್ಜಿ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ವಯಸ್ಸಿಗೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ತನ್ನ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಲೇಬೇಕೆಂದು ವಿಧಿಸಿತು. ಪಾದ್ರಿಗಳಿಗಾಗಿ ಕೈಪಿಡಿಗಳು ಹುಟ್ಟಿದವು: ಯಾರು, ಏನು, ಎಲ್ಲಿ, ಯಾರ ನೆರವಿನಿಂದ, ಏಕೆ, ಹೇಗೆ, ಯಾವಾಗ ಎಂದು ಕೇಳಬೇಕು. ರಾಜನಿಂದ ಕೂಲಿಯವನವರೆಗೆ ಎಲ್ಲರೂ ವರ್ಷಕ್ಕೊಮ್ಮೆ ಮೊಣಕಾಲೂರಿ ತಮ್ಮ ಬದುಕನ್ನು ಉತ್ತರಗಳ ರೂಪದಲ್ಲಿ ಹೇಳಿಕೊಂಡ ಒಂದೂವರೆ ಶತಮಾನ ಈ ಕವಿಗಳ ಬೆನ್ನಿಗಿದೆ. ತನ್ನ ಬಗ್ಗೆ ಮಾತನಾಡುವುದೆಂದರೆ ಕೇಳಿದವರಿಗೆ ಹೇಳುವುದು ಎಂಬ ರೂಢಿ ನಾಲಿಗೆಗೇ ಇಳಿದಿತ್ತೆಂದು ನಾನು ನಂಬುತ್ತೇನೆ.

ಚಾಸರನ ಗೆಳೆಯ ಜಾನ್ ಗೋವರ್ ಈ ಪಾಪನಿವೇದನೆಯನ್ನೇ ಕಾವ್ಯದ ಚೌಕಟ್ಟಾಗಿ ಮಾಡಿಕೊಂಡ. ‘ಕನ್ಫೆಸಿಯೊ ಅಮಾಂಟಿಸ್’, ಅಂದರೆ ಪ್ರೇಮಿಯ ಪಾಪನಿವೇದನೆ, ಮೂವತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯ. ಪ್ರೇಮದಲ್ಲಿ ಬೆಂದ ಒಬ್ಬನನ್ನು ವೀನಸ್ ದೇವತೆಯ ಪುರೋಹಿತ ಜೀನಿಯಸ್ ಒಂದೊಂದು ಪಾಪದ ಬಗ್ಗೆಯೂ ಕಥೆ ಹೇಳಿ ವಿಚಾರಿಸುತ್ತಾನೆ. ಪ್ರೇಮಿ ತನ್ನ ಕಥೆ ಶುರುಮಾಡುವ ಕಡೆ ಪುಟದಂಚಿನಲ್ಲಿ ಲ್ಯಾಟಿನ್ ಟಿಪ್ಪಣಿಯೊಂದಿದೆ: ಪ್ರೇಮಕ್ಕೆ ಸಿಕ್ಕಿದ ಇತರರ ಪಾತ್ರದಲ್ಲಿ ಎಂಬಂತೆ, ಕರ್ತೃ ಇಲ್ಲಿ ತಾನೇ ಪ್ರೇಮಿಯೆಂದು ನಟಿಸುತ್ತಿದ್ದಾನೆ. ‘ನಾನು’ ವೇಷ ಎಂದು ಇಪ್ಪತ್ತನೆಯ ಶತಮಾನದ ವಿಮರ್ಶೆ ಕಂಡುಕೊಂಡದ್ದನ್ನು ಹದಿನಾಲ್ಕನೆಯ ಶತಮಾನದ ಪುಟದಂಚು ಆಗಲೇ ಹೇಳಿಬಿಟ್ಟಿದೆ. ಎಂಟು ಸಂಪುಟಗಳ ಉದ್ದಕ್ಕೂ ನಾವು ಅವನನ್ನು ತರುಣನೆಂದೇ ಭಾವಿಸಿರುತ್ತೇವೆ. ಕೊನೆಗೆ ವೀನಸ್ ಬಂದು ಹೆಸರು ಕೇಳುತ್ತಾಳೆ. ‘ಜಾನ್ ಗೋವರ್, ತಾಯಿ’ ಎನ್ನುತ್ತಾನೆ. ಆಗ ಅವಳು ಕನ್ನಡಿ ಹಿಡಿಯುತ್ತಾಳೆ. ಬಣ್ಣಗೆಟ್ಟ ಮುಖ, ಮಂಕಾದ ಕಣ್ಣು, ಬತ್ತಿದ ಕೆನ್ನೆ, ನರೆತ ಕೂದಲು. ವೇಷ ಕಳಚಿದ ಕ್ಷಣದಲ್ಲೇ ಹೆಸರೂ ವಯಸ್ಸೂ ಒಟ್ಟಿಗೆ ಬಂದುವು. ವೀನಸ್ ಅವನ ಕೊರಳಿಗೆ ಕಪ್ಪು ಮಣಿಗಳ ಜಪಸರ ಹಾಕಿ ಮನೆಗೆ ಕಳುಹಿಸುತ್ತಾಳೆ. ಅದರ ಮೇಲೆ ಚಿನ್ನದಲ್ಲಿ, ವಿಶ್ರಾಂತಿಗಾಗಿ ಎಂದು ಫ್ರೆಂಚಿನಲ್ಲಿ ಬರೆದಿತ್ತು. ಸದರ್ಕ್‌ನ ಇಗರ್ಜಿಯಲ್ಲಿ ಗೋವರನ ಸಮಾಧಿ ಇಂದಿಗೂ ಇದೆ. ಅಲ್ಲಿನ ಮೂರ್ತಿ ತಲೆಯಿಟ್ಟಿರುವುದು ಅವನು ಬರೆದ ಮೂರು ಪುಸ್ತಕಗಳ ಮೇಲೆ.

‘ಮುತ್ತು’ ಎಂದು ನಾವು ಕರೆಯುವ, ಒಂದೇ ಹಸ್ತಪ್ರತಿಯಲ್ಲಿ ಉಳಿದ ಅನಾಮಿಕ ಕಾವ್ಯದಲ್ಲಿ ಇದೆಲ್ಲ ತಿರುವುಮುರುವಾಗುತ್ತದೆ. ಎರಡು ವರ್ಷವೂ ತುಂಬದೆ ತೀರಿಕೊಂಡ ಮಗು ಹೊಳೆಯಾಚೆ ಸ್ವರ್ಗದ ಕನ್ಯೆಯಾಗಿ ನಿಂತಿದೆ. ಈಚೆ ದಡದಿಂದ ಕೇಳುವವನು ನಿರೂಪಕನೇ: ನಾನು ಅತ್ತು ಹಲುಬಿದ ನನ್ನ ಮುತ್ತು ನೀನೇ ಏನು? ಅವನನ್ನು ಹೆಸರು ಕೇಳುವವರು ಆ ಕಾವ್ಯದಲ್ಲಿ ಯಾರೂ ಇಲ್ಲ. ಆ ಕವಿ ಯಾರೆಂದು ಇಂದಿಗೂ ನಮಗೆ ಗೊತ್ತಿಲ್ಲ.

ಇನ್ನು ವಿಲಿಯಂ ಲ್ಯಾಂಗ್‌ಲ್ಯಾಂಡ್. ನನ್ನ ಮನಸ್ಸು ಎಲ್ಲಕ್ಕಿಂತ ಹೆಚ್ಚು ಕಲಕುವವನು ಇವನು. ‘ಪಿಯರ್ಸ್ ಪ್ಲೌಮನ್’ ಎಂಬ ಒಂದೇ ಕಾವ್ಯವನ್ನು ಬದುಕಿಡೀ ಬರೆದು, ತಿದ್ದಿ, ಮತ್ತೆ ಬರೆದ. ಐವತ್ತಕ್ಕೂ ಹೆಚ್ಚು ಹಸ್ತಪ್ರತಿಗಳು ಉಳಿದಿವೆ. ಆದರೆ ಕವಿಯ ಬಗ್ಗೆ ಹೊರಗಿನ ಸಾಕ್ಷಿಯೆಂದರೆ ಡಬ್ಲಿನ್ನಿನ ಒಂದು ಪ್ರತಿಯಲ್ಲಿರುವ ಚಿಕ್ಕ ಟಿಪ್ಪಣಿಯೇ ಮುಖ್ಯ. ಕಾವ್ಯದೊಳಗೆ ಅವನು ವಿಲ್. ಆ ಪದಕ್ಕೆ ಇಂಗ್ಲಿಷಿನಲ್ಲಿ ಇಚ್ಛೆ ಎಂಬ ಅರ್ಥವೂ ಇರುವುದರಿಂದ, ಹೆಸರೂ ಮನುಷ್ಯನ ಚಂಚಲ ಮನಸ್ಸೂ ಒಂದರೊಳಗೊಂದು ಸೇರಿಹೋಗಿವೆ. ಒಂದು ಸಾಲಿನಲ್ಲಿ ‘ನಾನು ಈ ನಾಡಿನಲ್ಲಿ ಬಾಳಿದ್ದೇನೆ, ನನ್ನ ಹೆಸರು ಉದ್ದನೆಯ ವಿಲ್’ ಎನ್ನುತ್ತಾನೆ. ನಾಡು, ಉದ್ದ, ವಿಲ್ ಎಂಬ ಮೂರೂ ಇಂಗ್ಲಿಷ್ ಪದಗಳನ್ನು ಹಿಂದುಮುಂದಾಗಿ ಜೋಡಿಸಿದರೆ ವಿಲ್ ಲಾಂಗ್ ಲ್ಯಾಂಡ್. ಒಗಟಿನಲ್ಲಿ ಬಚ್ಚಿಟ್ಟ ಅಂಕಿತ.

ಕೊನೆಯ ಆವೃತ್ತಿಗೆ ಅವನು ಹೊಸದಾಗಿ ಒಂದು ದೃಶ್ಯ ಸೇರಿಸಿದ. ಲಂಡನ್ನಿನ ಕಾರ್ನ್‌ಹಿಲ್‌ನಲ್ಲಿ ಹೆಂಡತಿ ಕಿಟ್ ಜೊತೆ ಗುಡಿಸಲಲ್ಲಿ ವಾಸ. ಮೈಮೇಲೆ ಅಲೆಮಾರಿ ವೇಷ. ಸುಗ್ಗಿಯ ಬಿಸಿಲಿನ ದಿನ, ಮೈಯಲ್ಲಿ ಆರೋಗ್ಯವಿದೆ, ಕೈಕಾಲು ನೆಟ್ಟಗಿವೆ, ಕೆಲಸ ಮಾತ್ರ ಮಾಡುತ್ತಿಲ್ಲ. ಎದುರಿಗೆ ವಿವೇಕ ಎಂಬ ಗುಣವೇ ಪಾತ್ರವಾಗಿ ಬಂದು ನಿಂತು ವಿಚಾರಣೆ ಶುರುಮಾಡುತ್ತದೆ. ಇಗರ್ಜಿಯಲ್ಲಿ ಹಾಡಬಲ್ಲೆಯಾ? ಹುಲ್ಲು ಮೆದೆ ಹಾಕಬಲ್ಲೆಯಾ? ಗಾಡಿಗೆ ಹೊರೆ ಎತ್ತಿ ಹಾಕಬಲ್ಲೆಯಾ? ಪೈರು ಕೊಯ್ದು ಕಟ್ಟು ಕಟ್ಟಬಲ್ಲೆಯಾ? ರಾತ್ರಿ ಹೊಲದಲ್ಲಿ ಮಲಗಿ ಕಾವಲು ಕಾಯಬಲ್ಲೆಯಾ? ಚಪ್ಪಲಿ ಹೊಲಿಯಬಲ್ಲೆಯಾ, ದನ ಕುರಿ ಮೇಯಿಸಬಲ್ಲೆಯಾ? ಈ ಪ್ರಶ್ನೆಗಳು ಬರಿಯ ರೂಪಕವಲ್ಲ. ಮಹಾಮಾರಿ ಪ್ಲೇಗಿನಲ್ಲಿ ಜನ ಸತ್ತು ಕೂಲಿಯಾಳುಗಳು ಸಿಗದಾದಾಗ, 1349ರ ರಾಜಾಜ್ಞೆ ಅರವತ್ತು ವರ್ಷದೊಳಗಿನ, ಬೇರೆ ಜೀವನೋಪಾಯವಿಲ್ಲದ ಗಟ್ಟಿ ಮೈಯವರೆಲ್ಲ ಕೇಳಿದವರಿಗೆ ದುಡಿಯಲೇಬೇಕೆಂದು ಕಟ್ಟುಮಾಡಿತ್ತು. 1351ರ, 1388ರ ಶಾಸನಗಳು ಅದನ್ನು ಇನ್ನೂ ಬಿಗಿದವು. ದಾರಿಯಲ್ಲಿ ನಿಲ್ಲಿಸಿ ನೀನು ಯಾರು, ಏನು ಕೆಲಸ ಮಾಡುತ್ತೀಯ ಎಂದು ಕೇಳಿದರೆ ಉತ್ತರ ಕೊಡಲಾಗದವನಿಗೆ ಶಿಕ್ಷೆಯ ಭಯವಿದ್ದ ಕಾಲ ಅದು.

ವಿಲ್ ಏನು ಹೇಳುತ್ತಾನೆ? ಕುಡುಗೋಲು ಹಿಡಿಯಲು ನನಗೆ ಶಕ್ತಿಯಿಲ್ಲ, ಬಗ್ಗಿ ಕೊಯ್ಯಲು ನಾನು ಬಹಳ ಉದ್ದ. ಚಿಕ್ಕವನಿದ್ದಾಗ ಅಪ್ಪನೂ ಬಂಧುಗಳೂ ಖರ್ಚು ಕೊಟ್ಟು ಓದಿಸಿದರು, ಅವರು ಸತ್ತ ಮೇಲೆ ಈ ಉದ್ದನೆಯ ನಿಲುವಂಗಿಯ ಬಾಳಲ್ಲದೆ ಬೇರೇನೂ ನನಗೆ ಹಿಡಿಸಲಿಲ್ಲ. ಪ್ರಾರ್ಥನೆಯ ಪುಸ್ತಕ, ಸತ್ತವರಿಗಾಗಿ ಹೇಳುವ ಮಂತ್ರ, ಕೀರ್ತನೆಗಳು, ಇವೇ ನನ್ನ ಹತಾರಗಳು. ಜೋಳಿಗೆಯಿಲ್ಲ, ಬುರುಡೆಯಿಲ್ಲ, ಹೊಟ್ಟೆಯೊಂದೇ ನನ್ನ ಚೀಲ. ‘ಹತಾರ’ ಎಂಬ ಮಾತನ್ನು ಅವನು ಎಷ್ಟು ಹಟದಿಂದ ಹಿಡಿದುಕೊಳ್ಳುತ್ತಾನೆ ನೋಡಿ. ಪದಗಳೂ ಉಪಕರಣಗಳೇ, ಇದೂ ದುಡಿಮೆಯೇ ಎಂಬ ವಾದ. ಆದರೆ ಗಮನಿಸಿ, ಕಾವ್ಯ ಬರೆಯುತ್ತೇನೆ ಎಂದು ಮಾತ್ರ ಹೇಳುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ಕಲ್ಪನೆ ಎಂಬ ಪಾತ್ರ, ಪ್ರಾರ್ಥನೆ ಹೇಳುವುದು ಬಿಟ್ಟು ಪದ್ಯ ಕಟ್ಟುವ ಉಸಾಬರಿ ನಿನಗೇಕೆ ಎಂದು ಅವನನ್ನು ಗದರಿಸಿತ್ತು. ಆ ಗಾಯ ಇನ್ನೂ ಮಾಗಿಲ್ಲ. ಕೊನೆಗೆ ಅಂತಃಸಾಕ್ಷಿ, ನಗರದಲ್ಲಿ ಬೇಡಿ ತಿನ್ನುವುದು ದೊಡ್ಡ ತಪಸ್ಸೇನೂ ಅಲ್ಲ ಎಂದಾಗ ಅವನು ಒಪ್ಪಿಕೊಳ್ಳುತ್ತಾನೆ: ನಿಜ, ನಾನು ಕಾಲ ಕಳೆದುಕೊಂಡಿದ್ದೇನೆ, ಕಾಲ ಹಾಳುಮಾಡಿದ್ದೇನೆ. ಆದರೂ ಮತ್ತೆ ಮತ್ತೆ ನಷ್ಟ ತಿಂದ ವ್ಯಾಪಾರಿಗೆ ಕೊನೆಗೊಮ್ಮೆ ಒಳ್ಳೆಯ ಸರಕು ಸಿಗುವಂತೆ ನನಗೂ ಸಿಕ್ಕೀತು ಎಂದು ಕಾಯುತ್ತಿದ್ದೇನೆ. ಬರೆಯುವ ಯಾರಿಗೇ ಆಗಲಿ, ಈ ಸಾಲುಗಳನ್ನು ಓದಿ ಎದೆ ಭಾರವಾಗದಿರುವುದು ಕಷ್ಟ.

ಥಾಮಸ್ ಹಾಕ್ಲೀವ್ ಮುಂದಿನ ತಲೆಮಾರಿನವನು. ರಾಜನ ಖಾಸಗಿ ಮುದ್ರೆಯ ಕಚೇರಿಯಲ್ಲಿ ಗುಮಾಸ್ತ. 1411ರ ಸುಮಾರಿನ ಅವನ ಕಾವ್ಯದಲ್ಲಿ, ನಿದ್ದೆಯಿಲ್ಲದ ರಾತ್ರಿಯ ನಂತರ ಸ್ಟ್ರಾಂಡ್ ಬೀದಿಯ ತನ್ನ ವಸತಿಯಿಂದ ಹೊರಟು ಹೊಲಗಳ ಕಡೆ ಹೋದವನಿಗೆ ಒಬ್ಬ ಬಡ ಮುದುಕ ಸಿಗುತ್ತಾನೆ. ಮಾತಿನ ನಡುವೆ ಹಾಕ್ಲೀವ್ ತನ್ನ ಕಸುಬನ್ನು ಹೇಳಿಕೊಳ್ಳುತ್ತಾನೆ. ಇಪ್ಪತ್ನಾಲ್ಕು ವರ್ಷದ ಬರವಣಿಗೆ. ಬೇರೆ ಕೈಕಸುಬಿನವರು ಹಾಡುತ್ತಾ ಹರಟುತ್ತಾ ಕೆಲಸ ಮಾಡುತ್ತಾರೆ, ನಮಗೆ ಅದಿಲ್ಲ. ಮನಸ್ಸು, ಕಣ್ಣು, ಕೈ ಮೂರೂ ಒಂದಾಗಿರಬೇಕು. ಬಾಯಿ ಮುಚ್ಚಿ, ಬಗ್ಗಿ, ಕುರಿಯ ಚರ್ಮವನ್ನೇ ದಿಟ್ಟಿಸುತ್ತಿರಬೇಕು. ಹೊಟ್ಟೆ ಹೋಯಿತು, ಬೆನ್ನು ಹೋಯಿತು, ಕಣ್ಣು ಎಲ್ಲಕ್ಕಿಂತ ಹೆಚ್ಚಾಗಿ ಹೋಯಿತು. ಬರಬೇಕಾದ ವರ್ಷಾಶನ ಸರಿಯಾಗಿ ಬರುವುದಿಲ್ಲ, ಮುಪ್ಪಿನಲ್ಲಿ ಗತಿಯೇನು?

‘ನಿನ್ನನ್ನು ಏನೆಂದು ಕರೆಯಲಿ? ಹೆಸರೇನು?’

‘ಹಾಕ್ಲೀವ್ ಎಂದು ಕರೆಯುತ್ತಾರೆ, ತಂದೆ.’

‘ಹಾಕ್ಲೀವ್ ಎಂದೆಯಾ, ಮಗನೇ?’

‘ಹೌದು ತಂದೆ, ಅವನೇ.’

‘ನಿನ್ನ ಬಗ್ಗೆ ಜನ ಮಾತನಾಡುವುದನ್ನು ಕೇಳಿದ್ದೇನೆ. ನಿನಗೆ ಚಾಸರನ ಪರಿಚಯವಿತ್ತಲ್ಲವೇ?’

ತನ್ನ ಹೆಸರು ಹೇಳಿದ ಮರುಗಳಿಗೆಯಲ್ಲೇ ಸತ್ತ ಗುರುವಿನ ಹೆಸರು. ಇದೇ ಕಾವ್ಯದ, ಬ್ರಿಟಿಷ್ ಲೈಬ್ರರಿಯಲ್ಲಿರುವ ಒಂದು ಪ್ರತಿಯಲ್ಲಿ ಹಾಕ್ಲೀವ್ ಚಾಸರನ ಚಿತ್ರ ಬರೆಸಿದ್ದಾನೆ. ಅವನನ್ನು ಮರೆತವರು ಈ ಚಿತ್ರ ನೋಡಿ ನೆನಪಿಸಿಕೊಳ್ಳಲಿ ಎಂದು ಪಕ್ಕದಲ್ಲಿ ಪದ್ಯ. ಚಿತ್ರದಲ್ಲಿ ಚಾಸರನ ಬೆರಳು ಆ ಸಾಲುಗಳನ್ನೇ ತೋರಿಸುತ್ತಿದೆ. ತನ್ನ ಹೆಸರು ಯಾರ ಕೈಗೂ ಸಿಗದಿರಲಿ ಎಂದಿದ್ದವನ ಮುಖ ನಮಗೆ ತಲುಪಿದ್ದು ಹೀಗೆ.

ಸುಮಾರು 1420ರಲ್ಲಿ ಹಾಕ್ಲೀವ್ ಬರೆದ ‘ಅಳಲು’ ಕ್ಯಾಂಟರ್‌ಬರಿ ಕಥೆಗಳಂತೆ ಚೈತ್ರದ ಮಳೆಯಿಂದಲ್ಲ, ಸುಗ್ಗಿ ಮುಗಿದು ಎಲೆ ಉದುರುವ ಕಂದು ಬಣ್ಣದ ಕಾಲದಿಂದ ಆರಂಭವಾಗುತ್ತದೆ. ಹಿಂದೆ ಅವನಿಗೆ ಬುದ್ಧಿಭ್ರಮಣೆಯಾಗಿತ್ತು. ನನ್ನ ನೆನಪು ಸ್ವಲ್ಪ ಕಾಲ ಎಲ್ಲೋ ಆಡಲು ಹೋಗಿತ್ತು ಎನ್ನುತ್ತಾನೆ. ಐದು ವರ್ಷದ ಹಿಂದೆ, ಸಕಲ ಸಂತರ ಹಬ್ಬದ ದಿನ, ಅದು ಮರಳಿತು. ಆದರೆ ವೆಸ್ಟ್‌ಮಿನ್‌ಸ್ಟರಿನಲ್ಲೂ ಲಂಡನ್ನಿನಲ್ಲೂ ಜನ ನಂಬುವುದಿಲ್ಲ. ಮುಖ ತಿರುಗಿಸುತ್ತಾರೆ. ಸೆಕೆಗಾಲ ಬಂದರೆ ಮತ್ತೆ ಕೆರಳುತ್ತದೆ, ನೋಡಿ ಅವನ ನಡಿಗೆ, ನೋಡಿ ಅವನ ಕಣ್ಣು ಎಂದು ಪಿಸುಗುಟ್ಟುತ್ತಾರೆ. ಅವನಿಗೆ ಎಲ್ಲ ಕೇಳಿಸುತ್ತದೆ. ಮನೆಗೆ ಬಂದು ಕನ್ನಡಿಯ ಮುಂದೆ ಥಟ್ಟನೆ ಜಿಗಿದು ನಿಲ್ಲುತ್ತಾನೆ, ಅಣಿಯಾಗುವ ಮೊದಲೇ ತನ್ನ ನಿಜವಾದ ಮುಖವನ್ನು ಹಿಡಿದುಬಿಡಬೇಕೆಂದು. ಮತ್ತೆ ಮತ್ತೆ ಜಿಗಿಯುತ್ತಾನೆ. ಈ ಮುಖದಲ್ಲಿ ತಪ್ಪೇನೂ ಕಾಣುವುದಿಲ್ಲವಲ್ಲ? ಆದರೆ ತನ್ನ ವಿಷಯದಲ್ಲಿ ಮನುಷ್ಯ ಕುರುಡ, ನನಗೆ ಕಾಣದ್ದು ಅವರಿಗೆ ಕಂಡಿದ್ದರೆ? ಗೋವರನ ಕೈಗೆ ಕನ್ನಡಿ ಕೊಡಲು ಒಬ್ಬ ದೇವತೆ ಬಂದಿದ್ದಳು. ಇಲ್ಲಿ ಯಾರೂ ಇಲ್ಲ. ಕೇಳುವವನೂ ಅವನೇ, ಉತ್ತರಿಸಬೇಕಾದವನೂ ಅವನೇ, ಅದಕ್ಕೇ ಉತ್ತರ ಹೊರಡುತ್ತಿಲ್ಲ.

ಅಳಲು ಮುಗಿಯುತ್ತಿದ್ದಂತೆ ಕೋಣೆಯ ಬಾಗಿಲನ್ನು ಯಾರೋ ಜೋರಾಗಿ ಬಡಿಯುತ್ತಾರೆ. ‘ಏನಯ್ಯಾ ಹಾಕ್ಲೀವ್, ಇದ್ದೀಯಾ? ಬಾಗಿಲು ತೆರೆ. ನಿನ್ನನ್ನು ನೋಡಿ ಎಷ್ಟು ಕಾಲವಾಯಿತು! ಹೊರಗೆ ಬಾ.’ ಹಳೆಯ ಸ್ನೇಹಿತ. ಹಾಕ್ಲೀವ್ ಬಾಗಿಲು ತೆರೆದು, ಈಗಷ್ಟೇ ಬರೆದದ್ದನ್ನು ಅವನಿಗೆ ಓದಿ ಹೇಳುತ್ತಾನೆ. ಸ್ನೇಹಿತನಿಗೆ ಗಾಬರಿ. ಇದನ್ನು ಹೊರಗೆ ಬಿಡಬೇಡ, ಜನ ಎಲ್ಲ ಮರೆತಿದ್ದಾರೆ, ನೀನೇ ಏಕೆ ನೆನಪಿಸುತ್ತೀಯ ಎನ್ನುತ್ತಾನೆ. ಹಾಕ್ಲೀವ್ ಒಪ್ಪುವುದಿಲ್ಲ. ನನ್ನ ಕಾಯಿಲೆ ಎಲ್ಲರಿಗೂ ತಿಳಿದಿತ್ತು, ಗುಣವಾದದ್ದೂ ಎಲ್ಲರಿಗೂ ತಿಳಿಯಲಿ ಎನ್ನುತ್ತಾನೆ. ಸ್ನೇಹಿತನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಇಬ್ಬರೂ ಕುಳಿತು ಮಾತು ಮುಂದುವರಿಸುತ್ತಾರೆ.